ಒಂದು ಪೈಸಾ ಕಮ್ಮಿ

ಕಂಪ್ಯೂಟರ್ ಕೋಣೆಯ ಹೊಸ್ತಿಲ ಹೊರಗೆ ಹದಿನೇಳು ಜೋಡಿ ಚಪ್ಪಲಿ. ಒಳಗೆ ಶಹಾಬಾದ್ ಕಲ್ಲಿನ ಹಾಸು ಪುಷ್ಯದ ಚಳಿಗೆ ಅಂಗಾಲು ಕೊರೆಯುತ್ತದೆ. ದೇವರ ಕೋಣೆಯ ಹಾಗೆ ನಮ್ಮ ಶಾಲೆಗಳಲ್ಲಿ ಜನ ಬರಿಗಾಲಲ್ಲಿ ಹೋಗುವ ಕೋಣೆ ಇದು. ಧೂಳಿಗೆ ಯಂತ್ರ ಕೆಡುತ್ತದೆ ಎಂದು ಯಾರೋ ಎಂದೋ ಹೇಳಿದ್ದು ಶಾಲೆಯಿಂದ ಶಾಲೆಗೆ ಹಬ್ಬಿ ಪದ್ಧತಿಯಾಗಿದೆ.

ಕಲಬುರಗಿ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆ. ಕಾಂಪೌಂಡಿನಾಚೆ ತೊಗರಿ ಕೊಯ್ದ ಹೊಲ, ಅದರಾಚೆ ಎಲ್ಲೋ ರಾಶಿ ಯಂತ್ರದ ಸದ್ದು. ಜವಾನ ಮೊದಲು ಕಬ್ಬಿಣದ ಗ್ರಿಲ್ಲಿನ ಬೀಗ ತೆಗೆದ, ಆಮೇಲೆ ಮರದ ಬಾಗಿಲಿನದು. ಕಿಟಕಿಗೂ ದಪ್ಪ ಸರಳು. ಒಂದು ಮೂಲೆಯಲ್ಲಿ ಕ್ಷೀರಭಾಗ್ಯದ ಹಾಲಿನ ಪುಡಿಯ ಚೀಲಗಳು, ಇನ್ನೊಂದರಲ್ಲಿ ಮುರಿದ ಗ್ಲೋಬು. ಹಳೆಯ ಪರದೆಯ ಬಟ್ಟೆಯಿಂದ ಹೊಲಿದ ಗವಸು ಹೊದ್ದು ಹನ್ನೆರಡು ಕಂಪ್ಯೂಟರುಗಳು ಕೂತಿದ್ದವು. ಗವಸು ತೆಗೆದು ಒಂದೊಂದಾಗಿ ಗುಂಡಿ ಒತ್ತಿದಾಗ ಏಳು ಚಾಲೂ ಆದವು. ಒಂದರ ಪೆಟ್ಟಿಗೆಯಿಂದ ಇರುವೆಗಳು ಸಾಲುಗಟ್ಟಿ ಹೊರಬಂದವು. ಯುಪಿಎಸ್ ಮಾತ್ರ ಕೊನೆಯವರೆಗೂ ಕೀಂ ಕೀಂ ಎನ್ನುತ್ತಲೇ ಇತ್ತು.

ತರಬೇತಿಗೆ ಬಂದವರೆಲ್ಲ ಸುತ್ತಲಿನ ಪ್ರೌಢಶಾಲೆಗಳ ಗಣಿತ ಶಿಕ್ಷಕರು. ಕೆಲವರ ಜೇಬಿನಲ್ಲಿ ಹೊರಗಿನ ಕರ್ತವ್ಯದ ಓಓಡಿ ಪತ್ರ, ಎಲ್ಲರ ಕೈಯಲ್ಲೂ ಫೋನು. ಬೆಳಗ್ಗೆ ಹೊರಡುವ ಮೊದಲೇ ಅದರಲ್ಲಿ ಬಿಸಿಯೂಟದ ಲೆಕ್ಕವೋ ಮಕ್ಕಳ ಮಾಹಿತಿಯ ತಾಣ ಸ್ಯಾಟ್ಸ್‌ನ ಯಾವುದೋ ಕಲಮೋ ತುಂಬಿಸಿ ಬಂದವರು. ತಂತ್ರಜ್ಞಾನ ಅವರಿಗೆ ಹೊಸದಲ್ಲ. ಆದರೆ ಅವರು ಕಂಡ ತಂತ್ರಜ್ಞಾನ ಬಹುಪಾಲು ಲೆಕ್ಕ ಒಪ್ಪಿಸುವ ತಂತ್ರಜ್ಞಾನ. ಪಾಠದ ಒಳಗೆ ಅದು ಕಾಲಿಟ್ಟದ್ದನ್ನು ನೋಡಿದವರು ಕಡಿಮೆ. ಕಲಿಸಬೇಕಾದ ಸಂಪನ್ಮೂಲ ವ್ಯಕ್ತಿಯೂ ಗಣಿತದ ಮಾಸ್ತರರೇ. ಇಪ್ಪತ್ತು ಕಿಲೋಮೀಟರ್ ಆಚೆಯ ಹೋಬಳಿ ಶಾಲೆಯಿಂದ, ಪ್ರೊಜೆಕ್ಟರನ್ನು ಟವೆಲಿನಲ್ಲಿ ಸುತ್ತಿ ಬೈಕಿನ ಟ್ಯಾಂಕಿನ ಮೇಲೆ ಕಟ್ಟಿಕೊಂಡು ಬಂದಿದ್ದರು.

ಕಿಟಕಿ ಪಕ್ಕದ ಯಂತ್ರದ ಮುಂದೆ ಐವತ್ತನಾಲ್ಕು ವರ್ಷದ ಒಬ್ಬ ಅಕ್ಕೋರು. ನಮ್ಮ ಕಡೆ ಶಿಕ್ಷಕಿಯನ್ನು ಈಗಲೂ ಹಾಗೆ ಕರೆಯುವವರಿದ್ದಾರೆ. ಫೋನಿನ ಮೇಲೆ ಅವರ ಬೆರಳು ಸಲೀಸಾಗಿ ಓಡುತ್ತದೆ. ಆದರೆ ಮೌಸು ಹಿಡಿದದ್ದು ಆ ದಿನವೇ ಮೊದಲು. ಬಾಣದ ಗುರುತು ಪರದೆಯ ಅಂಚಿಗೆ ಹೋಗಿ ಕಾಣೆಯಾದಾಗ ಅವರು ಮೌಸನ್ನೇ ಮೇಲೆತ್ತಿ ಗಾಳಿಯಲ್ಲಿ ಜರುಗಿಸಿದರು. ಪಕ್ಕದ ತರುಣ ಮಾಸ್ತರ ನಗಲಿಲ್ಲ. "ಅಕ್ಕೋರೇ, ಕೆಳಗಿಟ್ಟು ತಿಕ್ಕರಿ, ಚಪಾತಿ ಲಟ್ಟಿಸಿದಂಗ" ಎಂದ. ಹತ್ತು ನಿಮಿಷಕ್ಕೆ ಬಾಣ ಅವರು ಹೇಳಿದಲ್ಲಿಗೆ ಹೋಗತೊಡಗಿತು. ಆ ಹತ್ತು ನಿಮಿಷ ಯಾವ ವೇಳಾಪಟ್ಟಿಯಲ್ಲೂ ಇರಲಿಲ್ಲ.

ಮೊದಲ ತಂಟೆ ಗಣಿತದಿಂದ ಬರಲಿಲ್ಲ, ಕನ್ನಡದಿಂದ ಬಂತು. ಒಬ್ಬ ಮಾಸ್ತರರು ಹತ್ತು ವರ್ಷದ ತಮ್ಮ ಪ್ರಶ್ನೆಪತ್ರಿಕೆಗಳನ್ನೆಲ್ಲ ಪೆನ್‌ಡ್ರೈವಿನಲ್ಲಿ ತಂದಿದ್ದರು. ಉಬುಂಟು ಇದ್ದ ಆ ಯಂತ್ರದಲ್ಲಿ ಕಡತ ತೆರೆದರೆ ಪರದೆ ತುಂಬ ರೋಮನ್ ಅಕ್ಷರ, ತಲೆಯ ಮೇಲೆ ಗೀಟು ಹೊತ್ತ 'ಎ'ಗಳು, ಅಲ್ಲಲ್ಲಿ ಬ್ರಿಟಿಷ್ ಪೌಂಡಿನ ಗುರುತು. ಅವರ ಮುಖ ಬಾಡಿತು. ಹಳೆಯ 'ನುಡಿ' ತಂತ್ರಾಂಶದ ಅಕ್ಷರವಿನ್ಯಾಸದಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಡೆ ಹೀಗೇ ಕಾಣುತ್ತದೆ. ನಾವು ಒತ್ತಿದ್ದು ಕನ್ನಡದ 'ನ', ಯಂತ್ರ ಒಳಗೆ ಬರೆದಿಟ್ಟುಕೊಂಡದ್ದು ಪೌಂಡ್. ಯುನಿಕೋಡ್ ಬಂದ ಮೇಲೆ 'ನ' ಎಲ್ಲಿಗೆ ಹೋದರೂ 'ನ'ವೇ. ಹಳೆಯದನ್ನು ಹೊಸದಕ್ಕೆ ಬದಲಿಸಿಕೊಡುವ ತಂತ್ರಾಂಶ ಉಂಟು. ಅದರಲ್ಲಿ ಹಾಯಿಸಿದ ಮೇಲೆ ಕನ್ನಡ ಮರಳಿತು, ಅಲ್ಲೊಂದು ಇಲ್ಲೊಂದು ಒತ್ತಕ್ಷರ ಜಾರಿದ್ದು ಬಿಟ್ಟರೆ. ಕೀಲಿಮಣೆಯನ್ನು ಮಾತ್ರ ಯಾರೂ ಹೊಸದಾಗಿ ಕಲಿಯಬೇಕಾಗಲಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಆ ವಿನ್ಯಾಸವೇ ಯುನಿಕೋಡಿನಲ್ಲೂ ನಡೆಯುತ್ತದೆ. ಮಾಸ್ತರರು ಊಟದ ಹೊತ್ತಿನಲ್ಲೂ ಎದ್ದು ಹೋಗದೆ ಒಂದೊಂದೇ ಕಡತ ಬದಲಿಸುತ್ತ ಕೂತಿದ್ದರು. ಹೊರಗಿನವರಿಗೆ ಇದು ಸಣ್ಣ ಸಂಗತಿಯಾಗಿ ಕಂಡೀತು. ತನ್ನ ಕೈಬರಹದಷ್ಟೇ ತನ್ನದಾದ ಹತ್ತು ವರ್ಷದ ಕೆಲಸ ಕಣ್ಣೆದುರು ಪೌಂಡು ಗೀಟುಗಳಾಗಿ ಒಡೆದದ್ದನ್ನು ಕಂಡ ಮನುಷ್ಯನಿಗೆ ಹಾಗನ್ನಿಸದು.

ಆಮೇಲೆ ಜಿಯೋಜೀಬ್ರಾ ತೆರೆದರು. ಜಾಮಿಟ್ರಿ, ಆಲ್ಜಿಬ್ರಾ ಎರಡನ್ನೂ ಬೆಸೆದ ಹೆಸರು. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಆರಂಭಿಸಿದ ಕೆಲಸ. ದುಡ್ಡು ಕೊಡಬೇಕಿಲ್ಲ, ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ಟೂ ಬೇಕಿಲ್ಲ. ನಮ್ಮ ಹಳ್ಳಿ ಶಾಲೆಗಳಿಗೆ ಇವೆರಡೂ ದೊಡ್ಡ ಮಾತು. 2011ರ ಸುಮಾರಿಗೆ ರಾಜ್ಯದ ಶಿಕ್ಷಕರ ತರಬೇತಿ ಇಲಾಖೆ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆ ಕಟ್ಟಿದಾಗ ಕರ್ನಾಟಕದ ಪ್ರೌಢಶಾಲಾ ಶಿಕ್ಷಕರು ಇದನ್ನು ಕೈಗೆತ್ತಿಕೊಂಡರು. ತಾವು ಮಾಡಿದ ಪಾಠಗಳನ್ನು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಇಟ್ಟರು.

ಪರದೆಯಲ್ಲಿ ಮೂರು ಚುಕ್ಕಿ, ಅವನ್ನು ಕೂಡಿಸಿದರೆ ತ್ರಿಭುಜ. ಒಂದು ಶೃಂಗ ಹಿಡಿದು ಎಳೆದರೆ ತ್ರಿಭುಜ ಚಪ್ಪಟೆಯಾಗುತ್ತದೆ, ಚೂಪಾಗುತ್ತದೆ, ವಾಲುತ್ತದೆ. ಒಳಗೆ ಬರೆದಿರುವ ಕೋನಗಳ ಅಳತೆಯೂ ಜೊತೆಗೇ ಬದಲಾಗುತ್ತದೆ, ಮೂರರ ಮೊತ್ತ ಮಾತ್ರ 180 ಡಿಗ್ರಿಯೇ. ಕಪ್ಪುಹಲಗೆಯ ಮೇಲೆ ಮಾಸ್ತರ ಬರೆಯುವುದು ಒಂದು ತ್ರಿಭುಜ. ಎಲ್ಲ ತ್ರಿಭುಜಕ್ಕೂ ಇದು ನಿಜ ಅಂತ ಅವನು ಬಾಯಲ್ಲಿ ಹೇಳುತ್ತಾನೆ, ಮಕ್ಕಳು ನಂಬುತ್ತಾರೆ. ಇಲ್ಲಿ ಬೆರಳಿನ ಒಂದು ಎಳೆತದಲ್ಲಿ ನೂರು ತ್ರಿಭುಜ ಹಾದು ಹೋಗುತ್ತವೆ. ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಇಪ್ಪತ್ತು ವರ್ಷ ಇದೇ ಪ್ರಮೇಯ ಕಲಿಸಿದವರು, ಅದನ್ನು ಮೊದಲ ಸಲ ನೋಡುತ್ತಿರುವ ಹಾಗೆ ಎಳೆಯುತ್ತಲೇ ಇದ್ದರು.

ಮೌನ ಮುರಿದವರು ಅಕ್ಕೋರು. ಅವರಿಗೆ ಪರದೆಯ ಮೇಲಿನ ಮೊತ್ತದ ಮೇಲೆ ಭರವಸೆ ಸಾಲದೆ, ಓಓಡಿ ಪತ್ರದ ಬೆನ್ನಿಗೆ ಮೂರು ಕೋನ ಬರೆದುಕೊಂಡು ಕೈಯಾರೆ ಕೂಡಿಸಿದ್ದರು. 48.13, 65.22, 66.66.

"ಸರ, ನೂರಾ ಎಂಬತ್ತು ಪಾಯಿಂಟ್ ಸೊನ್ನಿ ಒಂದು ಬರ್ಲಾಕತ್ತದ್ರಿ."

"ಇರ್ಲಿ ಬಿಡ್ರಿ ಅಕ್ಕೋರೇ, ಸರಿಸುಮಾರು ಬರ್ತದಲ್ಲ" ಎಂದರು ಸಂಪನ್ಮೂಲ ವ್ಯಕ್ತಿ. ಮಧ್ಯಾಹ್ನದೊಳಗೆ ಮುಗಿಸಬೇಕಾದ ಇನ್ನೂ ಮೂರು ಚಟುವಟಿಕೆ ಇದ್ದವು.

"ಬಿಡಾಕ ಹೆಂಗ ಬರ್ತದ್ರಿ? ನಾಳಿ ನಮ್ಮ ಹುಡುಗ್ಯಾರು ಕೂಡಿಸಿ ನೋಡ್ತಾರ. ಸರಿಸುಮಾರು ಅಂದ ಮ್ಯಾಲ ಪ್ರಮೇಯ ಯಾತಕ್ಕ?"

ಅಲ್ಲಿಂದ ನಲವತ್ತು ನಿಮಿಷ ನಡೆದದ್ದನ್ನು ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ನಾಲ್ಕು ಪುಟ ಬರೆದುಕೊಂಡಿದ್ದೇನೆ. ಯಂತ್ರವೇ ತಪ್ಪು ಎಂದರು ಒಬ್ಬರು. ದಶಮಾಂಶ ತೆಗೆದು ಪೂರ್ಣಾಂಕ ಮಾತ್ರ ಕಾಣುವಂತೆ ಇಟ್ಟರೆ ತಂಟೆಯೇ ಇಲ್ಲ ಎಂದು ಇನ್ನೊಬ್ಬರು. ಹಾಗೆ ಮಾಡಿ ನೋಡಿದರೆ ಒಂದು ತ್ರಿಭುಜದಲ್ಲಿ 181 ಬಂತು! ಮರೆಸಲು ಹೋದ ಒಂದು ಪೈಸಾ ರೂಪಾಯಿಯಾಗಿ ಎದ್ದು ನಿಂತಿತ್ತು. ಕೊನೆಗೆ ತರುಣ ಮಾಸ್ತರ ಆಯ್ಕೆಗಳ ಪಟ್ಟಿಯಲ್ಲಿ ಹುಡುಕಿ ದಶಮಾಂಶದ ಸ್ಥಾನ ಹೆಚ್ಚಿಸಿದ. 48.126, 65.217, 66.657. ಈಗ ಕೂಡಿಸಿದರೆ ಸರಿಯಾಗಿ 180. ಪರದೆಯ ಮೇಲೆ ಬರೆಯುವಾಗ ಯಂತ್ರ ಮೂರು ಕೋನಗಳನ್ನೂ ಬೇರೆ ಬೇರೆಯಾಗಿ ಎರಡು ಸ್ಥಾನಕ್ಕೆ ಹೊಂದಿಸುತ್ತದೆ. ಮೂರರಲ್ಲೂ ಕೂದಲೆಳೆಯಷ್ಟು ಏರಿದ್ದು ಒಟ್ಟು ಸೇರಿ ಸೊನ್ನೆ ಪಾಯಿಂಟ್ ಸೊನ್ನೆ ಒಂದಾಗಿತ್ತು.

"ಅಂದ್ರ ಕೋನಮಾಪಕದಾಗ ಹುಡುಗ್ರು ಅಳದಾಗ ಏನಾಗ್ತದೋ ಅದೇ ಇಲ್ಲೂ ಆಗ್ಯಾದ" ಎಂದರು ಅಕ್ಕೋರು. "ಅಳತಿ ಅಂದ್ರ ಅಳತಿ, ಸಾಧನಾ ಅಂದ್ರ ಸಾಧನಾ. ಇದು ಎಷ್ಟ್ ಎಳದ್ರೂ ಅಳತೀನೇ."

ಸಂಪನ್ಮೂಲ ವ್ಯಕ್ತಿ ಆಗ ನಿಂತಿರಲಿಲ್ಲ. ಅವರೂ ಒಂದು ಸ್ಟೂಲ್ ಎಳೆದುಕೊಂಡು ಗುಂಪಿನಲ್ಲಿ ಕೂತಿದ್ದರು. ಉಳಿದ ಮೂರು ಚಟುವಟಿಕೆ ಆ ದಿನ ನಡೆಯಲಿಲ್ಲ. ನಡೆಯದಿದ್ದದ್ದೇ ಒಳ್ಳೆಯದಾಯಿತು. ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಬರೆದ ಒಂದು ಲೇಖನ ಶಿಕ್ಷಕರ ತರಬೇತಿಯ ಕುರಿತು ಮಾತಾಡುವವರ ಬಾಯಲ್ಲಿ ಇಂದಿಗೂ ಓಡಾಡುತ್ತದೆ. ಯಂತ್ರದ ತಿಳಿವಳಿಕೆ, ವಿಷಯದ ತಿಳಿವಳಿಕೆ, ಕಲಿಸುವ ಬಗೆಯ ತಿಳಿವಳಿಕೆ ಇವನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಕೊಟ್ಟರೆ ಸಾಲದು, ಮೂರೂ ಬೆರೆಯುವಲ್ಲಿ ಹುಟ್ಟುವ ಅರಿವೇ ಶಿಕ್ಷಕನಿಗೆ ಬೇಕಾದ್ದು ಎಂಬುದು ಅದರ ತಿರುಳು. ಆ ಬೆರಕೆ ಹೇಗಿರುತ್ತದೆ ಎಂದು ನನಗೆ ತಿಳಿದದ್ದು ಓಓಡಿ ಪತ್ರದ ಬೆನ್ನಿಗಿದ್ದ ಆ ಕೂಡುವ ಲೆಕ್ಕದಲ್ಲಿ.

ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಶಾಲೆಯ ಎದುರು ಮನೆಯ ನಿವೃತ್ತ ಮಾಸ್ತರರೊಬ್ಬರು ಕೋಲೂರಿಕೊಂಡು ಬಂದು ಬೇವಿನ ಕಟ್ಟೆಯ ಮೇಲೆ ಕೂತರು. ಒಳಗೆ ಏನು ನಡೆದಿದೆ ಎಂದು ಕೇಳಿದರು. ಹೇಳಿದೆವು. "ನಮಗೂ ಹಿಂಗೇ ಕರದಿದ್ರು, ಎಪ್ಪತ್ತೈದರಾಗ. ಟಿವಿ ಮುಂದ ಕುಂದ್ರಿಸಿ ಟ್ರೇನಿಂಗ್ ಕೊಟ್ಟಿದ್ರು" ಎಂದರು. ತರುಣ ಮಾಸ್ತರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. 1975ರಲ್ಲಿ ಕಲಬುರಗಿ ಹಳ್ಳಿಯಲ್ಲಿ ಟಿವಿಯೇ?

ಇತ್ತು. ಬೆಂಗಳೂರಿಗೇ ಟಿವಿ ಬರುವ ಮುನ್ನ ಇಲ್ಲಿಗೆ ಬಂದಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ, ಅಮೆರಿಕದ ನಾಸಾದಿಂದ ಒಂದು ವರ್ಷದ ಮಟ್ಟಿಗೆ ಕಡ ತಂದ ಎಟಿಎಸ್-6 ಉಪಗ್ರಹದ ಮೂಲಕ ಇಸ್ರೋ ನಡೆಸಿದ 'ಸೈಟ್' ಎಂಬ ಬೋಧನಾ ಟಿವಿ ಪ್ರಯೋಗ ಅದು. ವಿಕ್ರಮ್ ಸಾರಾಭಾಯಿ ಕಂಡ ಕನಸು, ನೆರವೇರಿದಾಗ ಅವರು ಇರಲಿಲ್ಲ. ಆರು ರಾಜ್ಯಗಳ 2,400 ಹಳ್ಳಿಗಳು, ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಊರಿಗೊಂದು ಟಿವಿ, ಅದರ ಪಕ್ಕ ಕೋಳಿಗೂಡಿನ ಜಾಲರಿಯಂಥ ತಂತಿಯಿಂದ ಮಾಡಿದ, ಹತ್ತು ಅಡಿ ಅಗಲದ ಆಂಟೆನಾ. ಬೆಳಗ್ಗೆ ಶಾಲೆಯ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ಊರವರಿಗೆ. ಮಕ್ಕಳ ರಜೆಯ ದಿನಗಳನ್ನು ನೋಡಿ ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ಹನ್ನೆರಡು ದಿನದ ತರಬೇತಿ ಕೊಟ್ಟರು. ಟಿವಿಯ ಜೊತೆಗೆ ರೇಡಿಯೋ, ಅಚ್ಚಾದ ಪುಸ್ತಕ, ಕೈಯಾರೆ ಮಾಡುವ ಪ್ರಯೋಗ ಎಲ್ಲ ಇದ್ದವು. ಎರಡು ಸುತ್ತಿನಲ್ಲಿ ಆರೂ ರಾಜ್ಯ ಸೇರಿ ಹತ್ತಿರ ಹತ್ತಿರ 50,000 ಶಿಕ್ಷಕರು ಅದರಲ್ಲಿ ಕಲಿತರು. ನಮ್ಮ ದೇಶದಲ್ಲಿ ಶಿಕ್ಷಕರ ತರಬೇತಿಗೂ ಯಂತ್ರಕ್ಕೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ.

"ಟಿವಿಯೊಳಗ ಏನ್ ನೋಡಿದ್ವಿ ಅಂತ ಈಗ ನೆನಪಿಲ್ಲ ತಮ್ಮಾ" ಎಂದರು ನಿವೃತ್ತ ಮಾಸ್ತರರು. "ಆದ್ರ ನೋಡಿ ಮುಗದ ಮ್ಯಾಲ ನಮ್ಮ ಕಡಿಂದ ಮಾಡಸ್ತಿದ್ರು. ಬಾಟ್ಲಿ ಬಾಯಿಗೆ ಫುಗ್ಗಾ ಕಟ್ಟಿ ಬಿಸಿನೀರಾಗ ಇಡೂದು. ಫುಗ್ಗಾ ಉಬ್ಬತಿತ್ತು. ಹೆಡ್ ಮಾಸ್ತರ್ ಆದವರೂ ಸಣ್ಣ ಹುಡುಗ್ರಂಗ ನಿಂತು ನೋಡಿದ್ರು. ಮರು ವರ್ಷ ಆಕಾಶದಾಗಿಂದು ಹೋತು, ಟಿವಿ ಬಂದ್ ಆತು. ನಾ ಮಾತ್ರ ರಿಟೈರ್ ಆಗೂತನಕ ಬಾಟ್ಲಿ, ಫುಗ್ಗಾ ಚೀಲದಾಗ ಇಟಗೊಂಡೇ ವರ್ಗಕ್ಕ ಹೋದೆ."

ಅವರು ಹೇಳಿದ್ದನ್ನು ಕೇಳಿದ ಮೇಲೆ ನನಗೆ ನಂತರದ ಐವತ್ತು ವರ್ಷಗಳೆಲ್ಲ ಆ ಬಾಟಲಿಯ ಮೂಲಕವೇ ಕಾಣತೊಡಗಿದವು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಏರಿತು, ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಅದರ ಪಾಠ ಬಂತು. ಆಕಾಶವಾಣಿಯಲ್ಲಿ 'ಕೇಳಿ ಕಲಿ', 'ಚಿನ್ನರ ಚುಕ್ಕಿ' ಬಂದವು. 2016-17ರ ಹೊತ್ತಿಗೆ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ, ಶಿಕ್ಷಕರ ಬಾಯಲ್ಲಿ ಟಾಲ್ಪ್, ಪ್ರೌಢಶಾಲೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರುಗಳನ್ನೂ ಅವುಗಳ ಜೊತೆ ತರಬೇತಿಯನ್ನೂ ತಂದಿತು. 2017ರ ಶಿಕ್ಷಕರ ದಿನ ಪಾಠಗಳ ಅಂತರ್ಜಾಲ ತಾಣ ದೀಕ್ಷಾ ಶುರುವಾಯಿತು, ಪಠ್ಯಪುಸ್ತಕದ ಪುಟಗಳಲ್ಲಿ ಚೌಕದೊಳಗೆ ಕಪ್ಪು ಬಿಳಿ ಚುಕ್ಕಿಗಳು ಮೂಡಿದವು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಸಂವೇದ ಪಾಠ, ಗುಡಿಯ ಕಟ್ಟೆಯ ಮೇಲೆ ವಿದ್ಯಾಗಮ. ಆಗ ಈ ಅಕ್ಕೋರ ಶಾಲೆಯ ಮಕ್ಕಳಲ್ಲಿ ಅನೇಕರ ಮನೆಗೆ ಫೋನು ಬರುತ್ತಿದ್ದದ್ದು ರಾತ್ರಿ ಅಪ್ಪ ಕೆಲಸ ಮುಗಿಸಿ ಬಂದ ಮೇಲೆ.

ಇಷ್ಟೆಲ್ಲ ಬಂದಾಗ ಪ್ರತಿ ಸಲವೂ ಯಂತ್ರ ತಲುಪಿದ ಶಾಲೆಗಳ ಲೆಕ್ಕ ಇಟ್ಟೆವು. ಶಿಕ್ಷಕನ ಚೀಲದಲ್ಲಿ ಏನು ಉಳಿಯಿತು ಎಂದು ಕೇಳಿದ್ದು ಕಡಿಮೆ. ನಾನು ಕೂತು ನೋಡಿದ ಒಂದು ತರಬೇತಿಯಲ್ಲಿ ಎರಡು ದಿನ ಒಬ್ಬರೇ ಪರದೆಯ ಮುಂದೆ ಗುಂಡಿ ಒತ್ತಿದರು. ಉಳಿದ ನಲವತ್ತು ಜನ ನೋಡಿದರು, ಪಾಸ್‌ವರ್ಡ್ ಬರೆದುಕೊಂಡರು, ಸಹಿ ಮಾಡಿ ಬಸ್ಸು ಹಿಡಿದರು. ಅವರ ಕೈಗೆ ಮೌಸ್ ಸಿಗಲಿಲ್ಲ, ತಪ್ಪು ಮಾಡುವ ಸಂದರ್ಭ ಸಿಗಲಿಲ್ಲ. ಸಹೋದ್ಯೋಗಿಗಳ ನಡುವೆ ಒಮ್ಮೆಯೂ ತಪ್ಪು ಮಾಡದೆ ಕಲಿತವನು ನಲವತ್ತು ಮಕ್ಕಳ ಎದುರು ಮೊದಲ ತಪ್ಪು ಮಾಡಬೇಕಾಗುತ್ತದೆ. ಆ ಭಯಕ್ಕೆ ಎಷ್ಟು ಯಂತ್ರಗಳು ಗವಸಿನೊಳಗೇ ಉಳಿದಿವೆಯೋ! ಶಿಕ್ಷಕರಿಗೆ ಆಸಕ್ತಿಯಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಊಟ ಬಿಟ್ಟು ಹಳೆಯ ಪ್ರಶ್ನೆಪತ್ರಿಕೆ ಬದಲಿಸುತ್ತ ಕೂತವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹತ್ತು ದಿನದ ಮೇಲೆ ಅಕ್ಕೋರು ತಮ್ಮ ಶಾಲೆಗೆ ಕರೆದರು. ಎಂಟನೇ ತರಗತಿ, ನಲವತ್ತೆರಡು ಮಕ್ಕಳು. ಕಿಟಕಿಗೆ ಗೋಣಿತಟ್ಟು ಕಟ್ಟಿ ಬೆಳಕು ತಡೆದಿದ್ದರು. ಪರದೆ ಇರಲಿಲ್ಲ, ಸುಣ್ಣ ಬಳಿದ ಗೋಡೆಯ ಮೇಲೇ ತ್ರಿಭುಜ ಬಿತ್ತು. ಮೇಜಿನ ಮೇಲೆ ಲ್ಯಾಪ್‌ಟಾಪಿನ ಪಕ್ಕ ಒಂದು ಡಬ್ಬಿ ಬಣ್ಣದ ಚಾಕ್‌ಪೀಸು, ಮೂರಡಿ ಉದ್ದದ ಮರದ ಪಟ್ಟಿ. ಅಕ್ಕೋರ ಕೈ ಮೌಸಿನ ಮೇಲೆ ಒಂದಿಷ್ಟು ಬಿಗಿಯಾಗಿತ್ತು, ನಡುಗುತ್ತಿರಲಿಲ್ಲ. ಬಾಣ ಅಂಚಿಗೆ ಹೋಗಿ ಕಾಣೆಯಾದಾಗ ಮೇಜು ಬಿಡದೆ ತಿಕ್ಕಿ ವಾಪಸು ತಂದರು.

ಪಾದವನ್ನು ಹಾಗೇ ಬಿಟ್ಟು ಮೇಲಿನ ಶೃಂಗವನ್ನು ಮಾತ್ರ ಎಳೆದರು. ಮಕ್ಕಳು ಕೋನ ಬರೆದುಕೊಂಡು ಕೂಡಿಸಬೇಕು. 180, 180 ಎಂದು ಕೂಗು ಎದ್ದಿತು. ನಾಲ್ಕನೇ ತ್ರಿಭುಜಕ್ಕೆ ಮೂರನೇ ಸಾಲಿನ ಹುಡುಗಿಯೊಬ್ಬಳು ಕೂಗಲಿಲ್ಲ. ಮತ್ತೆ ಕೂಡಿಸಿದಳು. 61.23, 57.65, 61.11. ಆಮೇಲೆ ಮೆಲ್ಲಗೆ ಎದ್ದು ನಿಂತಳು.

"ಅಕ್ಕೋರೇ, ಒಂದು ಪೈಸಾ ಕಮ್ಮಿ ಬರ್ಲಾಕತ್ತದ್ರಿ."

179.99. ಅವಳಪ್ಪ ಸಂತೆಯಲ್ಲಿ ಕಾಯಿಪಲ್ಯ ಮಾರುತ್ತಾನೆ, ದಶಮಾಂಶ ಅವಳ ಮನೆಯಲ್ಲಿ ಪೈಸೆಯೇ. ತರಗತಿ ನಕ್ಕಿತು. ಅಕ್ಕೋರು ನಗಲಿಲ್ಲ. ಹುಡುಗಿಗೆ ಹತ್ತಿರ ಬಾ ಎಂದರು, ಲ್ಯಾಪ್‌ಟಾಪಿನ ಮುಂದೆ ಕೂರಿಸಿದರು, ದಶಮಾಂಶ ಹೆಚ್ಚಿಸುವ ಜಾಗ ತೋರಿಸಿದರು. ಐದು ಸ್ಥಾನಕ್ಕೆ ಇಟ್ಟಾಗ ಗೋಡೆಯ ಮೇಲೆ 61.23437, 57.65391, 61.11171. ಇಡೀ ತರಗತಿ ತಲೆ ಬಗ್ಗಿಸಿ ಕೂಡಿಸಿತು. 179.99999.

"ಇನ್ನೂ ಕಮ್ಮಿನೇ ಅದ್ರಿ, ಆದ್ರ ಭಾಳ ಸಣ್ಣದು."

"ಇನ್ನೂ ಮುಂದ ಹೋದ್ರ?"

"ಇನ್ನೂ ಸಣ್ಣದಾಗ್ತದ್ರಿ. ಮುಗಿಯೂದು ಯಾವಾಗ್ರಿ?"

ನನಗೆ ಕಂಪ್ಯೂಟರ್ ಕೋಣೆಯ ಆ ನಲವತ್ತು ನಿಮಿಷ ನೆನಪಾದವು. ಅಂದು ಅಲ್ಲಿ ಆ ಪ್ರಶ್ನೆ ಏಳದೇ ಹೋಗಿದ್ದರೆ ಇಂದು ಇಲ್ಲಿ 'ಸರಿಸುಮಾರು, ಕೂತ್ಕೋ' ಎಂಬ ಉತ್ತರ ಬರುತ್ತಿತ್ತೇನೋ.

ಅಕ್ಕೋರು ಮರದ ಪಟ್ಟಿ ಎತ್ತಿಕೊಂಡು ಗೋಡೆಯ ಹತ್ತಿರ ಹೋದರು. ಬೆಳಕಿನ ತ್ರಿಭುಜ ಅವರ ಸೆರಗಿನ ಮೇಲೂ ಬಿತ್ತು. ಮೇಲಿನ ಶೃಂಗಕ್ಕೆ ಪಟ್ಟಿ ತಾಗಿಸಿ, ಕೆಳಗಿನ ಪಾದಕ್ಕೆ ಸಮಾಂತರವಾಗಿ ಹಿಡಿದು, ನೀಲಿ ಚಾಕ್‌ಪೀಸಿನಲ್ಲಿ ಗೋಡೆಯ ಮೇಲೇ ಗೆರೆ ಎಳೆದರು. ಬಾಗಿಲಲ್ಲಿ ನಿಂತಿದ್ದ ಮುಖ್ಯೋಪಾಧ್ಯಾಯರು ಒಂದು ಕ್ಷಣ ಗೋಡೆ ನೋಡಿದರು. "ಇರ್ಲಿ, ಯುಗಾದಿಗೆ ಸುಣ್ಣಾ ಹೊಡಸೂದೇ ಅದ" ಎಂದರು.

"ಈಗ ಹೇಳ್ರಿ, ಮ್ಯಾಲ ಈ ಎಡಗಡಿ ಕೋನ ಯಾವುದಕ್ಕ ಸಮ?"

ಪರ್ಯಾಯ ಕೋನ ಹಿಂದಿನ ತಿಂಗಳು ಕಲಿತದ್ದು. ಯಾರೋ ಒಬ್ಬ ಹುಡುಗ, ಕೆಳಗಿನ ಎಡ ಮೂಲೆಗೆ ಎಂದ. ಬಲಗಡೆಯದು ಕೆಳಗಿನ ಬಲ ಮೂಲೆಗೆ. ನಡುವೆ ಉಳಿದದ್ದು ತ್ರಿಭುಜದ್ದೇ ಮೇಲಿನ ಕೋನ. ಮೂರೂ ಒಂದೇ ನೀಲಿ ಗೆರೆಯ ಕೆಳಗೆ ಒತ್ತೊತ್ತಾಗಿ ಕೂತಿದ್ದವು. ಗೆರೆ ನೆಟ್ಟಗಿದೆ, ನೆಟ್ಟಗಿನ ಗೆರೆಯ ಕೋನ 180. ಪಾಯಿಂಟ್ ಎಲ್ಲಿಯೂ ಇಲ್ಲ.

ಹುಡುಗಿ ಲ್ಯಾಪ್‌ಟಾಪಿನ ಮುಂದೆಯೇ ಕೂತಿದ್ದಳು. ಶೃಂಗ ಹಿಡಿದು ಎಳೆದಳು. ತ್ರಿಭುಜ ಜರುಗಿತು, ನೀಲಿ ಗೆರೆ ಇದ್ದಲ್ಲೇ ಉಳಿಯಿತು. ಒಬ್ಬ ಹುಡುಗ ಓಡಿ ಹೋಗಿ ಹೊಸ ಶೃಂಗಕ್ಕೆ ಪಟ್ಟಿ ಹಿಡಿದ, ಇನ್ನೊಬ್ಬಳು ಗೆರೆ ಎಳೆದಳು. ಮತ್ತೆ ಜರುಗಿಸಿದಳು, ಮತ್ತೊಂದು ಗೆರೆ. ಗೋಡೆಯ ಮೇಲೆ ಏಣಿಯ ಮೆಟ್ಟಿಲುಗಳಂತೆ ಆರೇಳು ನೀಲಿ ಗೆರೆಗಳಾದವು. ಮುಂದಿನ ಸಾಲಿನ ಹುಡುಗರು ಇನ್ನೂ ನೋಟ್‌ಬುಕ್ಕಿನಲ್ಲಿ ಕೋನ ಬರೆದುಕೊಳ್ಳುತ್ತಿದ್ದರು. ಹುಡುಗಿ ತಿರುಗಿ ಅವರಿಗೆ ಹೇಳಿದಳು:

"ಏ, ಇನ್ನ ಕೂಡಿಸೂದು ಬ್ಯಾಡ್ರೋ."